ಪೈನ್ ಮರದ ಮೆರವಣಿಗೆ ಹುಳು: ಯಾವ ತಿಂಗಳಲ್ಲಿ ಎಲ್ಲಿ ನೋಡಬೇಕು

ನಮ್ಮ ನಾಯಿ ಗುಂಡನ ನಾಲಿಗೆಯ ಎಡ ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ತುಂಡು ಇಲ್ಲ. ನೀರು ಕುಡಿದರೆ ಅರ್ಧ ಹೊಟ್ಟೆಗೆ, ಅರ್ಧ ನೆಲಕ್ಕೆ. ಅವನ ಬಟ್ಟಲಿನ ಕೆಳಗೆ ಯಾವಾಗಲೂ ಒಂದು ಹಳೇ ಟವೆಲ್ ಹಾಸಿರುತ್ತೇವೆ. ಫೆಬ್ರವರಿಯ ಒಂದು ಭಾನುವಾರ ಹಿತ್ತಲಲ್ಲಿ ಹುಳುಗಳ ಸಾಲನ್ನು ಮೂಸಿ, ನೆಕ್ಕಿ ನೋಡಿದ. ಅಷ್ಟೇ ಆಗಿದ್ದು.

ನಾವಿರುವುದು ದಕ್ಷಿಣ ಫ್ರಾನ್ಸಿನ ಮಾಂಪೆಲಿಯೇ ಪಕ್ಕದಲ್ಲಿ. ಹಿತ್ತಲಲ್ಲಿ ಮೂರು ಪೈನ್ ಮರ. ಮನೆಗೆ ಬಂದ ಮೊದಲ ಚಳಿಗಾಲ ಮರದ ತುದಿಗಳಲ್ಲಿ ಬಿಳೀ ಉಂಡೆಗಳು ಕಂಡವು. ಚಳ್ಳಕೆರೆಯಿಂದ ಬಂದಿದ್ದ ಅಮ್ಮ, "ಏನಪ್ಪಾ ಅದು? ಯಾರೋ ಹತ್ತಿ ಕಟ್ಟಿದಂಗೈತಲ್ಲ" ಅಂದರು. "ಜೇಡರ ಬಲೆ ಇರಬೇಕು ಬಿಡಮ್ಮ" ಅಂದೆ. ಸುಮ್ನೆ ಬಾಯಿಗೆ ಬಂದ ಮಾತು. ಎರಡು ತಿಂಗಳಾದ ಮೇಲೆ ಆ ಹತ್ತಿಯೊಳಗಿದ್ದವು ಸಾಲು ಕಟ್ಟಿಕೊಂಡು ಕೆಳಗಿಳಿದವು. ಗುಂಡ ಅಲ್ಲೇ ಇದ್ದ.

ಇಲ್ಲಿಯವರು ಇದನ್ನು ಪೈನಿನ ಮೆರವಣಿಗೆ ಹುಳು ಅನ್ನುತ್ತಾರೆ. ವಿಜ್ಞಾನದ ಹೆಸರು ಥೌಮೆಟೊಪಿಯಾ ಪಿಟಿಯೊಕ್ಯಾಂಪಾ. ಒಂದು ಸಾಧಾರಣ ಬೂದು ಪತಂಗದ ಮರಿ ಇದು. ಸ್ಪೇನ್, ಪೋರ್ಚುಗಲ್, ಇಟಲಿ, ದಕ್ಷಿಣ ಫ್ರಾನ್ಸ್, ಉತ್ತರ ಆಫ್ರಿಕಾ, ಎಲ್ಲ ಕಡೆ ಇದೆ. ಈಗ ಪ್ಯಾರಿಸ್ ಸುತ್ತಮುತ್ತಲೂ ಸಿಗುತ್ತದೆ. ಈ ಕಡೆ ಮನೆ ಮಾಡಿರುವ ನಮ್ಮವರು, ಅದರಲ್ಲೂ ನಾಯಿ ಅಥವಾ ಚಿಕ್ಕ ಮಕ್ಕಳಿರುವವರು, ಇದರ ವರ್ಷ ಹೇಗೆ ನಡೆಯುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಬೇಸಿಗೆಯಲ್ಲಿ ದೀಪದ ಬುಡ ನೋಡಿ, ಸೆಪ್ಟೆಂಬರಿನಲ್ಲಿ ಸೂಜಿ ಎಲೆ ನೋಡಿ, ಡಿಸೆಂಬರಿನಲ್ಲಿ ಮರದ ನೆತ್ತಿ ನೋಡಿ, ಫೆಬ್ರವರಿಯಲ್ಲಿ ಕಾಲ ಬುಡ ನೋಡಿ. ನಾನು ಐದು ವರ್ಷದಿಂದ ಹಾಗೆ ನೋಡುತ್ತಾ ಬಂದಿದ್ದೇನೆ. ಬೇಕಾದ ಸಾಮಾನು ಒಂದು ಬೈನಾಕ್ಯುಲರ್, ಒಂದು ಭೂತಗನ್ನಡಿ, ಒಂದು ಟಾರ್ಚ್, ತಾರೀಕು ಬರೆಯಲು ಒಂದು ನೋಟ್‌ಬುಕ್.

ಬೇಸಿಗೆ: ಒಂದೆರಡು ದಿನದ ಪತಂಗ

ಪತಂಗ ಜೂನ್‌ನಿಂದ ಆಗಸ್ಟ್ ಒಳಗೆ ಮಣ್ಣಿನಿಂದ ಏಳುತ್ತದೆ. ಬೆಟ್ಟದ ಮೇಲಿನ ತಣ್ಣನೆ ಊರುಗಳಲ್ಲಿ ಬೇಗ, ನಮ್ಮಂಥ ಸೆಕೆಯ ಬಯಲಲ್ಲಿ ತಡ. ತಲೆಕೆಳಗಾದ ಲೆಕ್ಕ ಅನ್ನಿಸುತ್ತದೆ, ಅಲ್ವಾ? ಚಳಿ ಬೇಗ ಬರುವ ಕಡೆ ಮರಿಗಳು ಅದಕ್ಕೆ ಮುಂಚೆ ಒಂದಿಷ್ಟು ಬೆಳೆದಿರಬೇಕು. ಅದಕ್ಕೆ ಅಲ್ಲಿ ಅವಸರ.

ರೆಕ್ಕೆ ಬಿಚ್ಚಿದರೆ ಮೂರೂವರೆ ನಾಲ್ಕು ಸೆಂಟಿಮೀಟರ್. ಮುಂದಿನ ರೆಕ್ಕೆ ಬೂದಿ ಬಣ್ಣ, ಮೇಲೆ ಅಡ್ಡಕ್ಕೆ ಕಪ್ಪು ಗೆರೆ. ಹಿಂದಿನ ರೆಕ್ಕೆ ಬಿಳಿ, ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಹಣೆಯ ಮೇಲೆ ಗರಗಸದ ಹಲ್ಲಿನಂಥ ಗಟ್ಟಿ ಏಣು ಇದೆ. ಮಣ್ಣು ಸೀಳಿ ಮೇಲೆ ಬರಲು ಅದೇ ಗುದ್ದಲಿ. ಬೀದಿದೀಪದ ಕೆಳಗೆ ಬೆಳಿಗ್ಗೆ ಸತ್ತು ಬಿದ್ದ ಒಂದನ್ನು ಹೆಕ್ಕಿ ಭೂತಗನ್ನಡಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ರೇಷ್ಮೆ ಚಿಟ್ಟೆಯ ಹಾಗೆ ಇದೂ ಏನೂ ತಿನ್ನುವುದಿಲ್ಲ. ಹೆಣ್ಣು ಒಂದೆರಡು ದಿನ ಬದುಕಿ, ಜೋಡಿಯಾಗಿ, ಮೊಟ್ಟೆಯಿಟ್ಟು ಸಾಯುತ್ತದೆ.

ಈ ಹೊತ್ತಿಗೆ ಅಂಗಡಿಯಲ್ಲಿ ಫೆರಮೋನ್ ಬಲೆ ಸಿಗುತ್ತದೆ. ಹೆಣ್ಣಿನ ವಾಸನೆಯ ಗುಳಿಗೆ ಒಳಗಿರುತ್ತದೆ, ಗಂಡುಗಳು ಬಂದು ಬೀಳುತ್ತವೆ. ಪತಂಗ ಎದ್ದದ್ದು ಯಾವತ್ತು ಅಂತ ತಿಳಿಯಲು ಒಳ್ಳೇದು. ಅದೊಂದನ್ನೇ ನಂಬಿ ಕೂತರೆ ಮಾತ್ರ ಕೆಲಸ ಆಗುವುದಿಲ್ಲ. ಪಕ್ಕದ ಹಿತ್ತಲಲ್ಲಿ ಜೋಡಿಯಾದ ಹೆಣ್ಣು ಹಾರಿ ಬಂದು ನಿಮ್ಮ ಮರದಲ್ಲಿ ಮೊಟ್ಟೆಯಿಟ್ಟರೆ ಬಲೆ ಏನು ಮಾಡೀತು?

ಆಗಸ್ಟ್, ಸೆಪ್ಟೆಂಬರ್: ಸಜ್ಜೆ ತೆನೆ

ನನಗೆ ತುಂಬಾ ಇಷ್ಟವಾದ ಹಂತ ಇದು. ಅಪಾಯವೂ ಕಡಿಮೆ. ನಮ್ಮ ಪೈನ್ ಮರದ ಸೂಜಿ ಎಲೆಗಳು ಜೋಡಿ ಜೋಡಿಯಾಗಿ ಬರುತ್ತವೆ. ಹೆಣ್ಣು ಪತಂಗ ಅಂಥ ಒಂದು ಜೋಡಿಯನ್ನು ತಬ್ಬಿ, ಸುತ್ತಲೂ ಮೊಟ್ಟೆಯಿಡುತ್ತಾ ಹೋಗುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಉದ್ದದ ತೋಳುಚೀಲದ ಹಾಗೆ ಆಗುತ್ತದೆ. ಆಮೇಲೆ ತನ್ನ ಹೊಟ್ಟೆಯ ತುದಿಯ ಹುರುಪೆಗಳನ್ನು ಕಿತ್ತು, ಹೆಂಚು ಹೊದಿಸಿದ ಹಾಗೆ ಮೇಲೆ ಜೋಡಿಸುತ್ತದೆ. ದೂರದಿಂದ ಒಣಗಿದ ಎಲೆಯ ತುಂಡು ಅನ್ನಿಸುತ್ತದೆ.

ಹುಡುಕುವುದಕ್ಕೆ ಬೆಳಗಿನ ಓರೆ ಬಿಸಿಲು ಚೆನ್ನ. ಮರಕ್ಕೆ ಬೆನ್ನು ಮಾಡದೆ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಕೈಗೆಟುಕುವ ಕೊಂಬೆಗಳ ತುದಿ ನೋಡಿ. ಹಸಿರಿನ ನಡುವೆ ಬೆಳ್ಳಿ ಬೂದಿ ಬಣ್ಣದ, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪದ್ದು ಕಂಡರೆ ಅದೇ. ಗ್ಲೌಸ್ ಹಾಕಿಕೊಂಡು ಆ ಎಲೆ ಜೋಡಿಯನ್ನು ಕತ್ತರಿಸಿ ಮೇಜಿಗೆ ತನ್ನಿ.

ಮೊದಲ ಸಲ ಮಗಳೂ ನಾನೂ ಸೇರಿ ಹುರುಪೆಯನ್ನು ಚಾಕುವಿನ ಬೆನ್ನಿನಿಂದ ಕೆರೆದೆವು. ಒಳಗೆ ಸಾಲು ಸಾಲು ಮುತ್ತು. ಸಣ್ಣದೊಂದು ಸಜ್ಜೆ ತೆನೆಯನ್ನು ಸುಲಿದ ಹಾಗೇ ಇತ್ತು. ಗುಂಡುಸೂಜಿಯ ಮೊನೆ ಇಟ್ಟು ಒಂದೊಂದೇ ಎಣಿಸಿದೆವು. ಮಗಳ ಲೆಕ್ಕ 191, ನನ್ನ ಲೆಕ್ಕ 187. ಜಗಳ ಇನ್ನೂ ಮುಗಿದಿಲ್ಲ. ಒಂದು ತೆನೆಯಲ್ಲಿ 70ರಿಂದ 300ರವರೆಗೆ ಮೊಟ್ಟೆ ಇರುತ್ತವೆ. ಅಂದರೆ ನೀವು ಒಂದು ಎಲೆ ಜೋಡಿ ಕಿತ್ತರೆ ಫೆಬ್ರವರಿಯ ಒಂದಿಡೀ ಮೆರವಣಿಗೆ ಅಲ್ಲಿಗೇ ನಿಂತಿತು. ಚಿಕ್ಕ ಮರವಿದ್ದವರಿಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಅಕ್ಟೋಬರಿನಲ್ಲಿ ಹಳೇ ತೆನೆ ಸಿಕ್ಕಿದರೂ ಬಿಸಾಡಬೇಡಿ, ಭೂತಗನ್ನಡಿ ಹಿಡಿಯಿರಿ. ಮರಿ ಕಡಿದುಕೊಂಡು ಬಂದ ಮೊಟ್ಟೆಯ ಬಾಯಿ ಹರಿದ ಹಾಗೆ ದೊಡ್ಡದಾಗಿರುತ್ತದೆ. ಕೆಲವು ಮೊಟ್ಟೆಗಳಲ್ಲಿ ಮಾತ್ರ ಸೂಜಿ ಚುಚ್ಚಿದಂಥ ದುಂಡನೆ ಸಣ್ಣ ತೂತು. ಅವುಗಳಿಂದ ಹೊರಬಂದದ್ದು ಹುಳುವಲ್ಲ, ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟ ಕಣಜದ ಮರಿ. ಅಂಥ ತೂತು ಜಾಸ್ತಿ ಕಂಡರೆ ಆ ವರ್ಷ ನನಗೆ ಸ್ವಲ್ಪ ಸಮಾಧಾನ.

ಚಾಕಿ ಹುಳು, ಮತ್ತು ಎರಡನೇ ಜ್ವರದ ಲೆಕ್ಕ

ಇಟ್ಟ ಐದಾರು ವಾರಕ್ಕೆ ಮೊಟ್ಟೆ ಒಡೆಯುತ್ತದೆ. ಇಲ್ಲಿಂದ ಮುಂದೆ ನನಗೆ ದಾರಿ ತೋರಿಸಿದ್ದು ಸೋದರಮಾವನ ರೇಷ್ಮೆ ಮನೆ. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಅದಕ್ಕೆ ನಾಲ್ಕು ಜ್ವರ, ಐದು ಹಂತ. ಇದಕ್ಕೂ ಹಾಗೇ, ನಾಲ್ಕು ಸಲ ಪೊರೆ ಬಿಟ್ಟು ಐದು ಹಂತ ಬೆಳೆಯುತ್ತದೆ. ಹೀಗೆ ನೆನಪಿಟ್ಟುಕೊಳ್ಳಿ: ಎರಡನೇ ಜ್ವರ ಮುಗಿಯುವ ತನಕ ಇದು ಚಾಕಿ ಹುಳು, ಅಂದರೆ ಎಳೇ ಹುಳು, ಮೈಮೇಲೆ ತುರಿಸುವ ರೋಮ ಇರುವುದಿಲ್ಲ. ಎರಡನೇ ಜ್ವರ ಎದ್ದು ಮೂರನೇ ಹಂತಕ್ಕೆ ಬಂತೋ, ಆಮೇಲೆ ಮುಟ್ಟಬಾರದು.

ಚಾಕಿ ಹುಳು ಹಸಿರು ಮಿಶ್ರಿತ ಬಣ್ಣದ್ದು, ಕಪ್ಪು ತಲೆ. ಎಲ್ಲವೂ ಒಟ್ಟಿಗೆ ಇದ್ದು, ಸೂಜಿ ಎಲೆಗಳನ್ನು ನೂಲಿನಿಂದ ಸಡಿಲವಾಗಿ ಕಟ್ಟಿ, ಅದರೊಳಗೆ ಮೇಯುತ್ತವೆ. ಎಲೆಯ ಅಂಚು ಕೆರೆದಂತಾಗಿ ಒಣಗಿ ಹಳದಿಯಾಗುತ್ತದೆ. ಸೆಪ್ಟೆಂಬರ್ ಕೊನೆಗೆ ಕೊಂಬೆಯ ತುದಿಯಲ್ಲಿ ಒಂದು ಮುಷ್ಟಿ ಹಳದಿ ಎಲೆ, ಅದರ ಮೇಲೆ ತೆಳ್ಳನೆ ನೂಲು ಕಂಡರೆ ಗುರುತು ಮಾಡಿಕೊಳ್ಳಿ. ಅಲ್ಲಿ ಸೊಪ್ಪು ಖಾಲಿಯಾದರೆ ಬಿಟ್ಟು ಮುಂದೆ ಹೋಗುತ್ತವೆ, ಸಾಮಾನ್ಯವಾಗಿ ಮೇಲಕ್ಕೆ.

ಔಷಧ ಹೊಡೆಸುವುದಿದ್ದರೆ ಇದೇ ಸಮಯ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಬಳಸುತ್ತಾರೆ. ಬಿಟಿ ಹತ್ತಿಯ ಬಿಟಿ ಅಂದರೆ ಇದೇ. ಎಲೆಯ ಜೊತೆ ಹುಳುವಿನ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ, ಅದೂ ಹುಳು ಸಣ್ಣದಿರುವಾಗ. ಹುಳು ದೊಡ್ಡದಾದ ಮೇಲೆ ಹೊಡೆಸಿದರೆ ದುಡ್ಡು ದಂಡ.

ಚಳಿಗಾಲ: ಮರದ ನೆತ್ತಿಯ ಹತ್ತಿ ಉಂಡೆ

ನಮ್ಮೂರಲ್ಲಿ ಕಂಬಳಿಹುಳು ಅಂದರೆ ಮಳೆಗಾಲ. ಮಳೆ ಬಿದ್ದು ಹಸಿರು ಚಿಗುರಿದರೆ ಹುಳು. ಈ ಹುಳು ಚಳಿಯಲ್ಲಿ ಬೆಳೆಯುತ್ತದೆ. ಎಲ್ಲ ಎಲೆ ಉದುರಿ ಉಳಿದ ಹುಳುಗಳೆಲ್ಲ ಮಲಗಿರುವಾಗ ಪೈನ್ ಮಾತ್ರ ಹಸಿರು. ಅದನ್ನು ಇವೇ ತಿನ್ನುತ್ತವೆ.

ನವೆಂಬರ್ ಹೊತ್ತಿಗೆ ಗಟ್ಟಿ ಗೂಡು ಕಟ್ಟುತ್ತವೆ. ಬಿಸಿಲು ಬೀಳುವ ದಕ್ಷಿಣದ ಕಡೆ, ಮರದ ಮೇಲ್ಭಾಗದಲ್ಲಿ ಹುಡುಕಿ. ತೆಂಗಿನಕಾಯಿಯಷ್ಟು, ಕೆಲವು ಅದಕ್ಕೂ ದೊಡ್ಡವು. ಗೂಡಿಗೆ ಬಾಗಿಲು ಅಂತ ಇಲ್ಲ, ನೂಲಿನ ಪದರ ಸರಿಸಿಕೊಂಡು ಹೊರಗೆ ಬರುತ್ತವೆ. ಹಗಲು ಬಿಸಿಲಿಗೆ ಗೂಡು ಕಾಯುತ್ತದೆ, ಒಳಗೆ ಬೆಚ್ಚಗೆ ಕೂತಿರುತ್ತವೆ. ರಾತ್ರಿ ಮೇಯಲು ಹೊರಡುತ್ತವೆ. ಹೋದ ದಾರಿಯಲ್ಲಿ ನೂಲು ಬಿಟ್ಟು, ಅದೇ ನೂಲು ಹಿಡಿದು ಬೆಳಗಿನ ಜಾವ ವಾಪಸ್. ಇದಕ್ಕೊಂದು ಲೆಕ್ಕವಿದೆ: ಹಗಲು ಗೂಡಿನ ಒಳಗಿನ ಶಾಖ 9 ಡಿಗ್ರಿ ದಾಟಿರಬೇಕು, ಆ ರಾತ್ರಿ ಹೊರಗೆ 0 ಡಿಗ್ರಿಗಿಂತ ಮೇಲಿರಬೇಕು. ಎರಡೂ ಕೂಡಿ ಬಂದರೆ ಊಟ, ಇಲ್ಲದಿದ್ದರೆ ಉಪವಾಸ. ಚಳಿಗಾಲ ಮೆತ್ತಗಾದ ಹಾಗೆ ಊಟದ ರಾತ್ರಿಗಳು ಜಾಸ್ತಿಯಾದವು. ಹುಳು ಉತ್ತರಕ್ಕೆ ಹಬ್ಬಿದ್ದು ಹಾಗೆ. ಬುಡದ ಮಣ್ಣಿನ ಸಮೇತ ಸಾಗಿಸಿದ ದೊಡ್ಡ ಗಿಡಗಳ ಜೊತೆ ಲಾರಿಯಲ್ಲೂ ಒಂದಿಷ್ಟು ಪ್ರಯಾಣ ಮಾಡಿವೆ.

ಗೂಡಿನ ಕೆಳಗೆ ಟಾರ್ಚ್ ಹಿಡಿದು ನಿಂತು ನೋಡುವ ಆಸೆ ಆಗುತ್ತದೆ. ಬೇಡ. ಗೂಡಿನಿಂದ ರೋಮ ಉದುರುತ್ತಿರುತ್ತದೆ. ಕಿಟಕಿಯಿಂದ ಬೈನಾಕ್ಯುಲರ್ ಹಾಕಿ ನೋಡಿ. ಮರ ಸಾಯುತ್ತದೇನೋ ಅಂತ ಗಾಬರಿಯೂ ಬೇಡ. ಬೋಳಾಗಿ ಕಂಡರೂ ಮೊಗ್ಗು ಉಳಿದಿರುತ್ತದೆ, ವಸಂತದಲ್ಲಿ ಚಿಗುರುತ್ತದೆ. ಆ ವರ್ಷದ ಬೆಳವಣಿಗೆ ಕುಂಠಿತ, ಅಷ್ಟೇ.

ಗೂಡು ಕತ್ತರಿಸುವುದನ್ನು ಕಸುಬಿನವರಿಗೆ ಬಿಡಿ, ಆದರೆ ದೂರದಿಂದ ಕಣ್ಣಿಟ್ಟು ಕೆಲಸ ಮಾಡಿಸಿ. ಎರಡನೇ ವರ್ಷ ನಾನು ಕರೆಸಿದವರು ಉದ್ದ ಕೋಲಿನ ಕತ್ತರಿಯಿಂದ ನಾಲ್ಕು ಗೂಡು ಕತ್ತರಿಸಿ, ಎರಡನ್ನು ಬೇಲಿ ಪಕ್ಕದ ಹುಲ್ಲಿನಲ್ಲೇ ಬಿಟ್ಟು ಹೋಗಿದ್ದರು. ಖಾಲಿ ಗೂಡಿನಲ್ಲೂ ರೋಮ ವರ್ಷಗಟ್ಟಲೆ ಉಳಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಅದರ ಮೇಲೆ ಹೋಗಿದ್ದರೆ ಏನಾಗುತ್ತಿತ್ತೋ. ಈಗ ಕತ್ತರಿಸಿದ ಗೂಡು ಎಣಿಸಿ, ಚೀಲಕ್ಕೆ ಹಾಕಿದ್ದು ಎಣಿಸಿ, ಆಮೇಲೆ ದುಡ್ಡು ಕೊಡುತ್ತೇನೆ.

ಗಾಳಿಗೆ ಗೂಡು ಬಿದ್ದಿದ್ದು ಬೀದಿಯಲ್ಲೋ ಪಾರ್ಕಿನಲ್ಲೋ ಕಂಡರೆ ಊರಿನ ಮೇರಿಗೆ, ಅಂದರೆ ನಮ್ಮ ಪುರಸಭೆಯಂಥ ಕಚೇರಿಗೆ, ಫೋನ್ ಮಾಡಿ. 2022ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಸರ್ಕಾರ ಈ ಹುಳುವನ್ನು ಮನುಷ್ಯರ ಆರೋಗ್ಯಕ್ಕೆ ಹಾನಿಕರ ಅಂತ ಪಟ್ಟಿಗೆ ಸೇರಿಸಿದೆ. ಹಾಗಾಗಿ ಕೇಳಲು ಸಂಕೋಚ ಪಡಬೇಕಿಲ್ಲ.

ಫೆಬ್ರವರಿ, ಮಾರ್ಚ್: ಮೆರವಣಿಗೆ

ಹುಳು ನಾಲ್ಕು ಸೆಂಟಿಮೀಟರ್ ಆಗಿ, ಪೂರ್ತಿ ಬೆಳೆದು ಹಣ್ಣಾಯಿತು ಅಂದರೆ ಮರ ಬಿಡುತ್ತದೆ. ನಮ್ಮಲ್ಲಿ ಫೆಬ್ರವರಿ, ಮಾರ್ಚ್. ಚಳಿ ಕಡಿಮೆಯಿದ್ದ ವರ್ಷ ಜನವರಿಯಲ್ಲೇ. ಬಿಸಿಲಿರುವ ಹಗಲಲ್ಲಿ ಕಾಂಡದ ಮೇಲಿಂದ ಒಂದರ ಹಿಂದೆ ಒಂದು ಇಳಿಯುತ್ತವೆ. ಮುಂದಿನದರ ಬೆನ್ನಿಗೆ ಹಿಂದಿನದರ ತಲೆ ತಾಗಿರಬೇಕು, ಆಗಲೇ ಸಾಲು ನಡೆಯುತ್ತದೆ. ಮುಂದಾಳು ಸಾಮಾನ್ಯವಾಗಿ ಹೆಣ್ಣು.

ಮಾಳಿಗೆ ಕಿಟಕಿಯಿಂದ ಒಂದು ಸಾಲನ್ನು ನಲವತ್ತು ನಿಮಿಷ ನೋಡಿದ್ದೇನೆ. ದೂರಕ್ಕೆ ಯಾರೋ ಕಂದು ಹಗ್ಗ ಎಳೆಯುತ್ತಿದ್ದ ಹಾಗಿತ್ತು. ಬೈನಾಕ್ಯುಲರ್‌ನಲ್ಲಿ ಪ್ರತಿ ಹುಳುವಿನ ಕಪ್ಪು ಬೆನ್ನು, ಅದರ ಮೇಲೆ ತುಕ್ಕಿನ ಬಣ್ಣದ ಕುಚ್ಚು, ಪಕ್ಕದಲ್ಲಿ ಬಿಳೀ ಕೂದಲು ಕಂಡವು. ಮುಂದಾಳು ಕಲ್ಲು ಚಪ್ಪಡಿಯ ಅಂಚಿಗೆ ಬಂದು ನಿಂತಿತು, ತಲೆ ಎತ್ತಿ ಅತ್ತಿತ್ತ ಆಡಿಸಿತು. ಹಿಂದೆ ಅಷ್ಟೂ ಹುಳು ನಿಂತವು. ಅದು ಎಡಕ್ಕೆ ಹೊರಳಿತು, ಎಲ್ಲವೂ ಎಡಕ್ಕೆ. ಎಪ್ಪತ್ತಮೂರು ಎಣಿಸಿದೆ.

ಇದೇ ಹುಳುಗಳನ್ನು ಪ್ರೊವಾನ್ಸ್‌ನ ಸೆರಿನ್ಯಾನ್‌ನಲ್ಲಿ ಜಾಂ ಆಂರಿ ಫಾಬ್ರ್ ಅನ್ನುವ ಕೀಟಶಾಸ್ತ್ರಜ್ಞ 1896ರಲ್ಲಿ ಪರೀಕ್ಷಿಸಿದ್ದ. ದೊಡ್ಡ ಹೂಕುಂಡದ ಅಂಚಿಗೆ ಹತ್ತಿದ ಸಾಲನ್ನು ಅಲ್ಲೇ ಕೂಡಿಸಿ ಬಳೆ ಮಾಡಿದ. ಮುಂದಾಳು ಅನ್ನುವುದೇ ಇಲ್ಲದಾಯಿತು. ಜನವರಿ 30ರಂದು ಶುರುವಾದ ಸುತ್ತು ಏಳು ದಿನ ನಡೆಯಿತು. ರಾತ್ರಿಯ ಚಳಿಗೆ ನಿಲ್ಲುವುದು, ಹಗಲು ಮತ್ತೆ ಸುತ್ತುವುದು.

ಈಗ ರೋಮದ ವಿಷಯ. ಕಣ್ಣಿಗೆ ಕಾಣುವ ಉದ್ದ ಕೂದಲು ಅಲ್ಲ ತೊಂದರೆ ಕೊಡುವುದು. ಬೆನ್ನಿನ ಮೇಲಿನ ಸಣ್ಣ ಗುಳಿಗಳಲ್ಲಿ ಅಡಗಿರುವ, ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಉದ್ದದ ರೋಮ. ಬೆಳೆದ ಒಂದು ಹುಳುವಿನಲ್ಲಿ ಹತ್ತು ಲಕ್ಷದವರೆಗೆ ಇರುತ್ತವೆ. ಹುಳು ಹೆದರಿದರೆ ಗುಳಿ ತೆರೆದು ಗಾಳಿಗೆ ಬಿಡುತ್ತದೆ. ಪ್ರತಿ ರೋಮಕ್ಕೂ ಗಾಳದ ಹಾಗೆ ಮುಳ್ಳು. ಚರ್ಮಕ್ಕೆ ಚುಚ್ಚಿ ಮುರಿದರೆ ಒಳಗಿನ ಪ್ರೋಟೀನ್ ಉರಿ ಎಬ್ಬಿಸುತ್ತದೆ.

ಗುಂಡನನ್ನು ಎಳೆದು ತಂದ ದಿನ ನನ್ನ ಮುಂಗೈಯೂ ಉರಿಯಿತು. ಅಮ್ಮನಿಗೆ ಫೋನ್ ಮಾಡಿದರೆ, "ಕಂಬಳಿ ತಗಂಡು ಚೆನ್ನಾಗಿ ಉಜ್ಜು" ಅಂದರು. ನಮ್ಮ ಕಡೆ ನುಗ್ಗೆಮರದ ಹುಳು ಮೈಗೆ ತಾಗಿದರೆ ಅಜ್ಜಿ ಹಾಗೇ ಮಾಡುತ್ತಿದ್ದರು. ಚಳ್ಳಕೆರೆ ಕಂಬಳಿ ಮನೆಯಲ್ಲಿತ್ತು. ಉಜ್ಜಿದೆ. ಹತ್ತು ದಿನ ಕೈ ದದ್ದು ದದ್ದು. ಉಜ್ಜಿದಷ್ಟೂ ರೋಮ ಮುರಿದು ಒಳಗೆ ಇಳಿಯುತ್ತದೆ ಅಂತ ಆಮೇಲೆ ಡಾಕ್ಟರು ಹೇಳಿದರು.

ಹಾಗಾಗಿ ಉಜ್ಜಬೇಡಿ. ಸೆಲ್ಲೋಟೇಪ್ ಅಂಟಿಸಿ, ಎತ್ತಿ. ಹೊಸ ತುಂಡು ತೆಗೆದುಕೊಂಡು ಮತ್ತೆ ಅಂಟಿಸಿ, ಎತ್ತಿ. ಆಮೇಲೆ ಧಾರಾಳ ನೀರು ಬಿಟ್ಟು ತೊಳೆಯಿರಿ. ಬಟ್ಟೆಯನ್ನೆಲ್ಲ ಗ್ಲೌಸ್ ಹಾಕಿಕೊಂಡು ತೆಗೆದು 60 ಡಿಗ್ರಿಯಲ್ಲಿ ಒಗೆಯಿರಿ, ತಲೆಗೂ ಸ್ನಾನ ಮಾಡಿ. ಕಣ್ಣಿಗೆ ಬಿದ್ದಿದ್ದರೆ ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ. ಉಸಿರು ಕಟ್ಟಿದರೆ, ಮುಖ ಊದಿದರೆ 112.

ನಾಯಿಯ ಲಕ್ಷಣ ಬೇರೆ. ಜೊಲ್ಲು ಸುರಿಸುತ್ತಾ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ನಾಲಿಗೆ ಊದಿ ಹೊರಗೆ ಬರುತ್ತದೆ. ಕೈಗೆ ಗ್ಲೌಸ್ ಹಾಕಿ, ಬಾಯಿಗೆ ನೀರು ಹರಿಸಿ. ಬಟ್ಟೆಯಿಂದ ಒರೆಸಬೇಡಿ. ತೊಳೆಯುತ್ತಿರುವಾಗಲೇ ಮನೆಯಲ್ಲಿ ಇನ್ನೊಬ್ಬರು ಪಶುವೈದ್ಯರಿಗೆ ಫೋನ್ ಹಚ್ಚಲಿ. ಸಂಜೆ ನೋಡೋಣ ಅನ್ನಬೇಡಿ. ನಾವು ಮುಕ್ಕಾಲು ಗಂಟೆ ತಡಮಾಡಿದೆವು, ಜೇನು ಕಚ್ಚಿರಬೇಕು ಅಂದುಕೊಂಡು. ನಾಲಿಗೆಯ ಅಂಚು ನೀಲಿಯಾಗಿ, ಕಪ್ಪಾಗಿ, ಒಂದು ವಾರಕ್ಕೆ ಉದುರಿತು.

ಡಿಸೆಂಬರ್ ಕೊನೆಯೊಳಗೆ ಮಾಡಿಡಬೇಕಾದ ಕೆಲಸವೊಂದಿದೆ. ಕಾಂಡದ ಸುತ್ತ ಕಟ್ಟುವ ಒಂದು ಬಲೆ ಸಿಗುತ್ತದೆ. ಬಳೆಯಂಥ ಕಾಲುವೆ, ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮಣ್ಣು ತುಂಬಿದ ಚೀಲ. ಇಳಿದು ಬಂದ ಸಾಲು ಕಾಲುವೆಗೆ ಬಿದ್ದು, ಸುತ್ತಿ, ದಾರಿ ಕಂಡ ಕಡೆ ಇಳಿದು, ಚೀಲದ ಮಣ್ಣೇ ಭೂಮಿ ಅಂತ ಅಲ್ಲೇ ಕೋಶ ಕಟ್ಟುತ್ತದೆ. ರೇಷ್ಮೆಯ ಹಣ್ಣು ಹುಳುವಿಗೆ ಗೂಡು ಕಟ್ಟಲು ಚಂದ್ರಿಕೆ ತಟ್ಟೆ ಇಟ್ಟಂತೆ. ಕಾಂಡಕ್ಕೂ ಬಳೆಗೂ ನಡುವೆ ಸಂದು ಬಿಡಬೇಡಿ. ತೊಗಟೆ ಒರಟಾಗಿದ್ದರೆ ಸ್ಪಂಜು ತುರುಕಿ ಮುಚ್ಚಿ. ಬಲೆ ಕಟ್ಟಿದ ಮೊದಲ ವರ್ಷ ನಾನು ಒಂದು ಬೆರಳಿನಷ್ಟು ಸಂದು ಬಿಟ್ಟಿದ್ದೆ, ಅರ್ಧ ಮೆರವಣಿಗೆ ಅದರಲ್ಲೇ ನುಸುಳಿತು. ಚೀಲವನ್ನು ಬಿಚ್ಚಿ ನೋಡುವ ಕುತೂಹಲವೂ ಬೇಡ, ಬಾಯಿ ಕಟ್ಟಿದ ಹಾಗೇ ವಿಲೇವಾರಿಗೆ ಕೊಡಿ.

ಮಣ್ಣಿನೊಳಗೆ

ಬಲೆ ತಪ್ಪಿಸಿಕೊಂಡವು ಬಿಸಿಲು ಬೀಳುವ ಮೆತ್ತನೆ ಮಣ್ಣು ಹುಡುಕಿ, ಒಂದು ಗೇಣಿನೊಳಗಿನ ಆಳಕ್ಕೆ ಹೊಕ್ಕು ಗೂಡು ಕಟ್ಟಿ ಕೋಶವಾಗುತ್ತವೆ. ಇದು ನನಗೆ ಹೊಸದಲ್ಲ. ನಮ್ಮ ಶೇಂಗಾ ಹೊಲದ ಕೆಂಪು ತಲೆ ಕಂಬಳಿಹುಳುವೂ ಹೀಗೇ ಮಣ್ಣಲ್ಲಿ ಕೂತು, ಮೊದಲ ಮಳೆ ಬಿದ್ದ ಸಂಜೆ ಪತಂಗವಾಗಿ ಏಳುತ್ತಿತ್ತು. ಅಪ್ಪ ಬದುವಿನ ಮೇಲೆ ಬೆಂಕಿ ಹಾಕಿ ಕಾಯುತ್ತಿದ್ದರು. ಇಲ್ಲಿ ಬೆಂಕಿ ಹಾಕಿದರೆ ಕಾಡೇ ಹೋಗುತ್ತದೆ. ಇನ್ನೊಂದು ಕಷ್ಟ: ಎಲ್ಲ ಕೋಶಗಳೂ ಅದೇ ಬೇಸಿಗೆಗೆ ಏಳುವುದಿಲ್ಲ. ಕೆಲವು ಒಂದು ವರ್ಷ, ಇನ್ನು ಕೆಲವು ಹಲವಾರು ವರ್ಷ ಮಣ್ಣಲ್ಲೇ ಮಲಗಿರುತ್ತವೆ. ಒಂದು ವರ್ಷ ಗೂಡು ಕಾಣಲಿಲ್ಲ ಅಂತ ಬಲೆಯನ್ನು ಅಟ್ಟಕ್ಕೆ ಹಾಕಬೇಡಿ.

ಹಕ್ಕಿಗಳನ್ನು ಕರೆಯಿರಿ. ಚೇಕಡಿ ಹಕ್ಕಿ ಹುಳು ತಿನ್ನುತ್ತದೆ. 32 ಮಿಲಿಮೀಟರ್ ತೂತಿನ ಮರದ ಪೆಟ್ಟಿಗೆ ಕಟ್ಟಿದರೆ ಗೂಡಿಗೆ ಬರುತ್ತದೆ. ನಮ್ಮ ಪೆಟ್ಟಿಗೆಗೆ ಮೂರನೇ ವರ್ಷ ಬಂತು.

ಕೋಶ ತಿನ್ನಲು ಬರುವವನು ನಮಗೆಲ್ಲ ಪರಿಚಯದವನೇ, ಚಂದ್ರಮುಕುಟ. ವಸಂತದಲ್ಲಿ ಆಫ್ರಿಕಾದಿಂದ ಹಾರಿ ಬರುತ್ತದೆ. ಹೋದ ಮಾರ್ಚಿನಲ್ಲಿ ಒಂದು ಸಾಲು ಮಣ್ಣಿಗಿಳಿದ ಜಾಗಕ್ಕೆ ನಾಲ್ಕು ಕಲ್ಲಿಟ್ಟು ಗುರುತು ಮಾಡಿದ್ದೆ, ಗುಂಡ ಅಲ್ಲಿ ಕೆರೆಯದಿರಲಿ ಅಂತ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕಿರೀಟ ಬಿಚ್ಚಿಕೊಂಡು ಒಂದು ಚಂದ್ರಮುಕುಟ ಅದೇ ಕಲ್ಲುಗಳ ನಡುವೆ ನಿಂತಿತ್ತು. ಕೊಕ್ಕನ್ನು ಬುಡದವರೆಗೂ ಮಣ್ಣಿಗೆ ಇಳಿಸಿ, ಕಂದು ಬಣ್ಣದ್ದೇನನ್ನೋ ಎತ್ತಿ, ಕಲ್ಲಿಗೆ ಎರಡು ಸಲ ಬಡಿದು ನುಂಗಿತು. ಗುಂಡ ಬಾಗಿಲ ಬಳಿ ಗುರುಗುಟ್ಟಿದ. ಕೊರಳಪಟ್ಟಿ ಹಿಡಿದು ಒಳಗೆ ಎಳೆದುಕೊಂಡು, ಸದ್ದಾಗದ ಹಾಗೆ ಬಾಗಿಲು ಹಾಕಿದೆ.